ಗೋಡೆ ಮೇಲಿನ ಯಜಮಾನರು

ನಮ್ಮ ಮನೆಯ ಯಜಮಾನರು ಗೋಡೆಯ ಮೇಲಿದ್ದಾರೆ. ಗಂಧದ ಹಾರ, ಸುತ್ತ ಸೀರಿಯಲ್ ಬಲ್ಬು, ಅಚ್ಚುಕಟ್ಟಾದ ಮೀಸೆ. ಅವರ ಹೆಂಡತಿಯನ್ನು ಮದುವೆಯಾಗಿ ಮಾರಿಕುಪ್ಪಂನ ಈ ಮನೆಗೆ ಬಂದವನು ನಾನು, ಕೆಳಗಿದ್ದೇನೆ. ಬಲ್ಬು ಹೋದರೆ ಸ್ಟೂಲು ಹತ್ತುವುದು ನನ್ನ ಕೆಲಸ, ಸ್ಟೂಲು ಹಿಡಿಯುವುದು ಮಗನದು. ಹಿಡಿಯುವುದು ನಾನು ಬೀಳಬಾರದೆಂದೋ, ಫೋಟೋ ಬೀಳಬಾರದೆಂದೋ? ಕೇಳುವ ಧೈರ್ಯ ಮಾಡಿಲ್ಲ.

ಮಗ ಅನ್ನುವುದು ನನ್ನ ಉತ್ಸಾಹ. ಅವನ ಲೆಕ್ಕದಲ್ಲಿ ನಾನು ಅಂಕಲ್. ಗ್ಯಾಸ್ ಸಿಲಿಂಡರ್ ತರುವವರೂ ಅಂಕಲ್, ಆದರೆ ಅವರನ್ನು ಕಂಡರೆ ನಗುತ್ತಾನೆ. ಕಾನೂನೂ ಅವನ ಪಕ್ಷವೇ. ಹಿಂದೂ ಮಕ್ಕಳ ಪಾಲಕತ್ವದ ಬಗ್ಗೆ 1956ರಲ್ಲಿ ಆದ ಕಾಯ್ದೆಯ 6ನೇ ಕಲಮು, ತಂದೆ ಅಂದರೆ ಅದರಲ್ಲಿ ಮಲತಂದೆ ಸೇರಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ನಾನು ಹುಟ್ಟುವ ಮೊದಲೇ ಪಾರ್ಲಿಮೆಂಟು ನನ್ನನ್ನು ಪಕ್ಕಕ್ಕೆ ಕೂರಿಸಿಯಾಗಿತ್ತು.

"ತಾಳ್ಮೆ ಬೇಕಪ್ಪ, ಚಿನ್ನ ತೆಗೆದ ಹಾಗೆ" ಎಂದರು ಬೀದಿಯ ಹಿರಿಯರು. ಚಿನ್ನದ ಗಣಿಯಿದ್ದ ಈ ಊರಲ್ಲಿ ಚಿನ್ನ ಮುಟ್ಟದೆ ಯಾವ ಉಪದೇಶವೂ ಮುಗಿಯುವುದಿಲ್ಲ. ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಟನ್ನುಗಟ್ಟಲೆ ಕಲ್ಲು ಅರೆದರೂ ಕೊನೆಕೊನೆಗೆ ಸಿಗುತ್ತಿದ್ದದ್ದು ಗ್ರಾಂ ಲೆಕ್ಕದಲ್ಲಿ ಎಂದು ವಿವರಿಸಿದರು. ಅದನ್ನೇ ಹುಡುಗನೆದುರು ಭಾವುಕನಾಗಿ ಒಪ್ಪಿಸಿದೆ.

"ಅದಕ್ಕೇ ಅಲ್ವಾ ಅಂಕಲ್, ಗಣಿ ಮುಚ್ಚಿದ್ದು?" ಎಂದ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಇವನು ಹುಟ್ಟಿದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಲೆಕ್ಕ ಮಾತ್ರ ಪಕ್ಕಾ.

ಲಂಚಕ್ಕೆ ಇಳಿದೆ. ಬಂಗಾರಪೇಟೆಗೆ ಕರೆದೊಯ್ದು, ಅಲ್ಲಿನ ಹೆಸರುವಾಸಿ ಬಿಳಿನೀರಿನ ಪಾನಿಪುರಿ ಕೊಡಿಸಿದೆ. ಎರಡು ಪ್ಲೇಟು ಮುಗಿಸಿ, ಬಾಯಿ ಒರೆಸಿಕೊಂಡು, "ಅಪ್ಪ ಕರ್ಕೊಂಡ್ ಹೋಗ್ತಿದ್ದ ಗಾಡೀಲಿ ಇನ್ನೂ ಖಾರ ಇರುತ್ತೆ" ಎಂದ. ನನಗೆ ಆ ಖಾರವೇ ತಡೆಯಲಾಗದೆ ಕಣ್ಣಲ್ಲಿ ನೀರು. ಗಾಡಿಯವರು ಪಾಪ, ಬೇರೇನೋ ತಿಳಿದು ಒಂದು ಪೂರಿ ಹೆಚ್ಚಿಗೆ ಕೊಟ್ಟರು.

ಗಣಿ ಮುಚ್ಚಿದ ಮೇಲೆ ಇಲ್ಲಿನವರ ಸಂಬಳ ನೆಲದಡಿಯಿಂದ ಬರುವುದಿಲ್ಲ, ಬೆಂಗಳೂರಿನಿಂದ ಬರುತ್ತದೆ. ಗಣಿಗೆಂದು 1894ರಲ್ಲಿ ಹಾಕಿದ ಹಳಿಯ ಮೇಲೆ ಈಗ ಸಾವಿರಾರು ಜನ ಪಾಸು ಹಿಡಿದು ದಿನವೂ ಹೋಗಿಬರುತ್ತಾರೆ. ಯಜಮಾನರೂ ಹೋಗುತ್ತಿದ್ದರು, ನಾನೂ ಹೋಗುತ್ತೇನೆ. ಒಂದು ರಾತ್ರಿ ಹುಡುಗ ಹೋಮ್‌ವರ್ಕಿನಿಂದ ತಲೆಯೆತ್ತದೆ ಕೇಳಿದ: "ಟ್ರೈನಲ್ಲಿ ಅಪ್ಪನ ಕಿಟಕಿ ಸೀಟಲ್ಲಿ ಯಾರು ಕೂತ್ಕೋತಾರೆ?"

"ಯಾರೂ ಇಲ್ಲ."

"ನೀವು?"

"ನಾನು ನಿಂತ್ಕೋತೀನಿ."

ಇಂಥ ಮಾತಾಡುವ ಮುಂಚೆ ಬೆಂಗಳೂರು ಎಷ್ಟು ದೂರ ಎಂದು ಯೋಚಿಸುವವರು ಜಾಣರು. ನಾನು ಮರುದಿನದಿಂದ ನಿಂತೆ. ಮಾರಿಕುಪ್ಪಂ ಅಂದರೆ ಹಳಿ ಮುಗಿಯುವ ಜಾಗ. ಟ್ರೈನು ಇಲ್ಲಿಂದಲೇ ಖಾಲಿ ಹೊರಡುತ್ತದೆ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಬರುವ ತನಕ ಖಾಲಿ ಸೀಟುಗಳ ನಡುವೆ ಕಂಬಿ ಹಿಡಿದು ನಿಂತವನು ನಾನೊಬ್ಬನೇ. ಬಂಗಾರಪೇಟೆಯಲ್ಲಿ ಹತ್ತುವ ಧಡೂತಿ ಆಸಾಮಿಯೊಬ್ಬರು ಆ ಕಿಟಕಿ ಸೀಟಿನಲ್ಲಿ ಆರಾಮವಾಗಿ ಕೂತು ಗೊರಕೆ ಹೊಡೆಯುತ್ತಿದ್ದರು ಎಂಬುದನ್ನು ಮನೆಯಲ್ಲಿ ಹೇಳಲಿಲ್ಲ.

"ಏನಣ್ಣಾ, ಪೈಲ್ಸಾ?" ಎಂದು ಅವರೇ ಒಮ್ಮೆ ಮೆಲ್ಲಗೆ ಕೇಳಿದರು. ನಿಜ ಹೇಳಲು ನಾಚಿಕೆ, ಹೌದೆಂದೆ. ಬೋಗಿಯೇ ವೈದ್ಯಶಾಲೆಯಾಯಿತು. ಒಬ್ಬರು ಮೂಲಂಗಿ ರಸ ಅಂದರು, ಇನ್ನೊಬ್ಬರು ಮುಟ್ಟಿದರೆ ಮುನಿ ಕಷಾಯ ಅಂದರು. ನನ್ನ ಊಟದ ಬ್ಯಾಗಿನಲ್ಲಿ ಸೊಪ್ಪು ಬೆಳೆಯತೊಡಗಿತು.

ಶಾಲೆಗೆ ರಜೆಯಿದ್ದ ಒಂದು ದಿನ ಹುಡುಗನೂ ಬಂದ, ನೇರ ಹೋಗಿ ಕಿಟಕಿ ಪಕ್ಕ ಕೂತ. ಬಂಗಾರಪೇಟೆಯ ಆಸಾಮಿ ಅವನ ಕೈಗೆ ಸೊಪ್ಪಿನ ಪೊಟ್ಟಣ ಕೊಟ್ಟು, "ದಿನಾ ಬೆಳಗ್ಗೆ ನಿಮ್ಮಪ್ಪಂಗೆ ಕುಡಿಸಪ್ಪ. ಪಾಪ, ಕೂರೋಕೇ ಆಗಲ್ಲ" ಎಂದರು.

"ಅಪ್ಪ ಅಲ್ಲ, ಅಂಕಲ್" ಎಂದು ತಿದ್ದಿದ. ಪೊಟ್ಟಣ ಮಾತ್ರ ಇಟ್ಟುಕೊಂಡ. ಟೇಕಲ್ ದಾಟಿದ ಮೇಲೆ ತನ್ನ ಸ್ವೆಟರ್ ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ, ಪಕ್ಕದ ಸೀಟಿನ ಮೇಲಿಟ್ಟ. "ಮೆಲ್ಲಗೆ ಕೂತ್ಕೊಳಿ ಅಂಕಲ್. ಕಿಟಕಿ ಮಾತ್ರ ಕೇಳ್ಬೇಡಿ."

ತ್ಯಾಗಕ್ಕೆ ಜಗ್ಗದವನು ಪೈಲ್ಸಿಗೆ ಕರಗಿದ.

ಈಗ ಬೆಳಗ್ಗೆ ಎದ್ದ ಕೂಡಲೇ ಲೋಟ ಹಿಡಿದು ಎದುರು ನಿಲ್ಲುತ್ತಾನೆ. ಕೊನೆಯ ಗುಟುಕು ಇಳಿಯುವವರೆಗೂ ಕದಲುವುದಿಲ್ಲ. ಆದ್ದರಿಂದ ಆ ಟ್ರೈನಿನ ಸಹಪ್ರಯಾಣಿಕರಲ್ಲಿ ನನ್ನದೊಂದು ವಿನಂತಿ: ನನಗೆ ಅಂಥ ಕಾಯಿಲೆ ಏನೂ ಇಲ್ಲ ಎಂದು ದಯವಿಟ್ಟು ಆ ಹುಡುಗನಿಗೆ ಯಾರೂ ಹೇಳಬೇಡಿ.