ಗಿಟಾರಿಗೊಂದು ಹಳೇ ಬನಿಯನ್

ಮೃದಂಗದ ವಿದ್ವಾಂಸರು ಕಛೇರಿಯ ನಡುವೆ ಕಲ್ಲು ತೆಗೆದು ಟಕಟಕ ಬಡಿದರೆ ಸಭೆ ತಲೆದೂಗುತ್ತದೆ. ವೀಣೆಯವರು ಬಿರಡೆ ತಿರುವಿದರೂ ಅಷ್ಟೇ, ಶ್ರುತಿಯ ಮೇಲೆ ಎಷ್ಟು ನಿಗಾ ಎಂದು ಮುಂದಿನ ಸಾಲಿನವರು ಮೆಚ್ಚಿಕೊಳ್ಳುತ್ತಾರೆ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಗಿಟಾರಿನ ಹುಡುಗ ಅರ್ಧ ನಿಮಿಷ ಕೀಲಿ ತಿರುವುತ್ತ ನಿಂತರೆ ಮಾತ್ರ ಹಿಂದಿನಿಂದ ಕೂಗು ಬರುತ್ತದೆ: "ಶುರು ಮಾಡ್ರೋ ಬೇಗ!" ಪಾಪ, ಅವನ ವಾದ್ಯದ ಆರೈಕೆಯೆಲ್ಲ ಜನ ಸೇರುವ ಮೊದಲೇ ಮುಗಿದಿರಬೇಕು.

ನನ್ನ ತಂಗಿಯ ಮಗ ಶಿವಮೊಗ್ಗದ ಕಡೆ ಇಂಥದೊಂದು ತಂಡದಲ್ಲಿ ಗಿಟಾರ್ ನುಡಿಸುತ್ತಾನೆ. ಮದುವೆಯ ಆರತಕ್ಷತೆ, ಜಾತ್ರೆ, ರಾಜ್ಯೋತ್ಸವ ಯಾವುದನ್ನೂ ಬಿಡುವುದಿಲ್ಲ. ರಾಜ್ಯೋತ್ಸವ ನವೆಂಬರ್ 1ಕ್ಕೆ ಮುಗಿಯುತ್ತದೆ ಎಂದುಕೊಂಡವರು ಇವನನ್ನು ಕೇಳಬೇಕು. ತಿಂಗಳಿಡೀ ರಾತ್ರಿ ಒಂದು ಗಂಟೆಗೆ ಮನೆ ಸೇರುತ್ತಾನೆ. ಅವನ ಚೀಲದಲ್ಲಿ ಬೆಲೆಬಾಳುವ ಪೆಡಲುಗಳ ಪಕ್ಕದಲ್ಲೇ ನನ್ನದೊಂದು ಹಳೇ ಬನಿಯನ್ ಇದೆ. ಆ ಚೀಲದಲ್ಲಿ ಅತಿ ಹೆಚ್ಚು ದುಡಿಯುವ ಉಪಕರಣ ಅದೇ ಎಂಬುದು ನನ್ನ ಅಭಿಪ್ರಾಯ. ಬನಿಯನ್ ನನ್ನದಾದ್ದರಿಂದ ಹೇಳುತ್ತಿಲ್ಲ. ಬೆವರಿನ ಉಪ್ಪು ಉಕ್ಕಿನ ತಂತಿಗೆ ತುಕ್ಕು ಹಿಡಿಸುತ್ತದೆ. ದಪ್ಪ ತಂತಿಗಳ ಸುರುಳಿಯ ಸಂದಿಯಲ್ಲಿ ಬೆರಳಿನ ಕೊಳೆ ಕೂತು ನಾದ ಮಂಕಾಗುತ್ತದೆ. ನುಡಿಸಿದ ಕೂಡಲೇ ಒಣ ಬಟ್ಟೆಯಲ್ಲಿ ಮೇಲೂ ಕೆಳಗೂ ಒರೆಸಿಟ್ಟರೆ ತಂತಿಯ ಆಯುಸ್ಸು ಹೆಚ್ಚುತ್ತದೆ. ಎರಡು ನಿಮಿಷದ ಕೆಲಸ. ಆದರೆ ಕಾರ್ಯಕ್ರಮ ಮುಗಿದ ಆ ಎರಡು ನಿಮಿಷದಲ್ಲೇ ಊಟದ ಹಾಲಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತದೆ. ಎಷ್ಟೋ ತಂತಿಗಳು ತುಕ್ಕು ಹಿಡಿದಿರುವುದು ಈ ವಾಸನೆಯಿಂದ.

ತಂತಿ ಬದಲಿಸುವುದಕ್ಕೂ ಮುಹೂರ್ತ ಇದೆ. ಏಳು ಗಂಟೆಗೆ ಕಾರ್ಯಕ್ರಮ ಇಟ್ಟುಕೊಂಡು ಆರೂವರೆಗೆ ಹೊಸ ತಂತಿ ಕಟ್ಟಬಾರದು. ಹೊಸದು ಹಿಗ್ಗುತ್ತ ಹೋಗುತ್ತದೆ, ಪಲ್ಲವಿಯಲ್ಲಿ ಸರಿಯಿದ್ದ ಶ್ರುತಿ ಚರಣಕ್ಕೆ ಬರುವಾಗ ಇಳಿದಿರುತ್ತದೆ. ಹಿಂದಿನ ದಿನವೇ ಕಟ್ಟಿ, ಕೈಯಿಂದ ಮೆಲ್ಲಗೆ ಎಳೆದು, ಮತ್ತೆ ಶ್ರುತಿ ಮಾಡಿ, ಅದು ಇಳಿಯುವುದು ನಿಲ್ಲುವ ತನಕ ಹೀಗೇ ಮಾಡಬೇಕು. ಕೀಲಿಯ ಕಂಬಕ್ಕೆ ಎರಡು ಮೂರು ಸುತ್ತು ಸಾಕು, ಹತ್ತು ಸುತ್ತಿದರೆ ಅವೆಲ್ಲ ಸಡಿಲಗೊಳ್ಳುತ್ತ ಕೂರುತ್ತವೆ. ಶ್ರುತಿ ಮಾಡುವಾಗ ತಂತಿ ಟಿಕ್ ಟಿಕ್ ಎಂದು ಜಿಗಿಯುತ್ತಿದ್ದರೆ ಅದು ನಟ್ಟಿನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಅಲ್ಲಿ ಪೆನ್ಸಿಲಿನ ಮೊನೆಯನ್ನು ನಾಲ್ಕು ಸಲ ಉಜ್ಜಿದರೆ ಸಲೀಸಾಗಿ ಜಾರುತ್ತದೆ. ಕತ್ತರಿಸಿದ ತುಂಡುಗಳನ್ನು ವೇದಿಕೆಯ ಮೇಲೆ ಬಿಡುವುದು ಮಾತ್ರ ಮಹಾಪಾಪ. ಮುಂದಿನ ಐಟಂ ಭರತನಾಟ್ಯ, ಮಕ್ಕಳೆಲ್ಲ ಬರಿಗಾಲಲ್ಲಿ ಬರುತ್ತಾರೆ.

ಫ್ರೆಟ್ ಕೂರಿಸಿದ ಪಟ್ಟಿ ಅವನ ಗಿಟಾರಿನಲ್ಲಿ ರೋಸ್‌ವುಡ್ಡಿನದು. ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಮಲೆನಾಡಿನ ಬೀಟೆ, ನಮ್ಮಜ್ಜನ ಮಂಚದ ಮರ ಎಂದು ಹೇಳಿದಾಗ ಅವನ ಮುಖ ಸಪ್ಪಗಾಯಿತು. ವಿದೇಶದ್ದು ಅಂದುಕೊಂಡಿದ್ದನೋ ಏನೋ. ಬ್ರೆಜಿಲ್ಲಿನ ಮರ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿಯೇ 1969ರಲ್ಲಿ ಇಂಡಿಯನ್ ರೋಸ್‌ವುಡ್ಡಿಗೆ ಬಂತು. 2017ರಲ್ಲಿ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ನಿರ್ಬಂಧ ಬಿದ್ದಾಗ ಲೋಕದ ಗಿಟಾರಿನವರೆಲ್ಲ ಕಂಗಾಲಾದರು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇಂಥ ಮರ್ಯಾದಸ್ಥ ಮರಕ್ಕೆ ವರ್ಷಕ್ಕೆ ಒಂದೆರಡು ಸಲ, ಗಿಟಾರಿಗೆಂದೇ ಮಾರುವ ಎಣ್ಣೆಯ ನಾಲ್ಕು ಹನಿ ಹಚ್ಚಿ ಒರೆಸಿದರೆ ಸಾಕು. "ತೆಂಗಿನೆಣ್ಣೆ ತಲೆಗಾಗತ್ತೆ, ಮರಕ್ಕಾಗಲ್ವಾ?" ಎಂಬುದು ನನ್ನ ತಂಗಿಯ ವಾದ. ಆಗುವುದಿಲ್ಲ. ದಿನ ಕಳೆದಂತೆ ಕಮಟುತ್ತದೆ, ಅಂಟಾಗುತ್ತದೆ.

ಮರಕ್ಕೆ ಹಿತವಾದ ಗಾಳಿಯ ತೇವ ಶೇಕಡಾ 45ರಿಂದ 55. ನಮ್ಮಲ್ಲಿ ಆಷಾಢದಲ್ಲಿ ಉಪ್ಪಿನ ಡಬ್ಬಿಯೇ ನೀರು ಬಿಟ್ಟುಕೊಂಡು ಕೂತಿರುತ್ತದೆ, ಗಿಟಾರಿನ ಪಾಡು ಕೇಳಬೇಕೆ? ಮಳೆಗಾಲದಲ್ಲಿ ಎದೆಯ ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ಒತ್ತಿದ ಬೆರಳು ನೋಯುತ್ತದೆ. ಬೇಸಿಗೆಗೆ ಮರ ಒಣಗಿ ಕುಗ್ಗಿದಾಗ ಫ್ರೆಟ್ಟಿನ ತುದಿಗಳು ಹೊರಬಂದು ಅಂಗೈ ಗೀರುತ್ತವೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಮಳೆಗಾಲಕ್ಕೆ ಮಾತ್ರ, ಬೇಸಿಗೆಗೆ ತೆಗೆಯಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಿಟಾರ್ ಬಿಟ್ಟರೆ ಅಂಟು ಮೆತ್ತಗಾಗಿ ಬ್ರಿಜ್ ಏಳುವುದೂ ಉಂಟು. ಕತ್ತಿನೊಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಟ್ರಸ್ ರಾಡ್. ತಿರುಗಿಸಿ ಸರಿಪಡಿಸಬಹುದಾದ ಇಂಥ ಸರಳಿಗೆ ಗಿಬ್ಸನ್ ಕಂಪನಿಯ ಥಡಿಯಸ್ ಮೆಕ್‌ಹ್ಯೂ 1923ರಲ್ಲಿ ಪೇಟೆಂಟ್ ಪಡೆದ. ಕತ್ತಿನ ಬಾಗು ತಿದ್ದಲು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಯೂಟ್ಯೂಬ್ ನೋಡಿ ಅಲೆನ್ ಕೀ ಕೈಗೆತ್ತಿಕೊಂಡ ಹುಡುಗನಿಗಿಂತ ಮಳೆಗಾಲವೇ ವಾಸಿ.

ಇಷ್ಟೆಲ್ಲ ಮಾಡಿದರೂ ವೇದಿಕೆಯಲ್ಲಿ ಮಾನ ಹೋಗುವುದು ಹೆಚ್ಚಾಗಿ ಮರದಿಂದಲ್ಲ, ತಂತಿಯಿಂದಲೂ ಅಲ್ಲ. ಕೇಬಲ್ಲಿನಿಂದ, ಸಡಿಲವಾದ ಜಾಕಿನ ನಟ್ಟಿನಿಂದ, ಬ್ಯಾಟರಿಯಿಂದ. ಕರಕರ ಸದ್ದು ಬಂದರೆ ಜನ ನೋಡುವುದು ಮೈಕ್‌ಸೆಟ್ಟಿನವನನ್ನು, ಅವನು ನೋಡುವುದು ಗಿಟಾರಿನವನನ್ನು. ಪಿಕಪ್ ಇರುವ ಅಕೌಸ್ಟಿಕ್ ಗಿಟಾರುಗಳಲ್ಲಿ ಸಾಮಾನ್ಯವಾಗಿ ಕೇಬಲ್ ಚುಚ್ಚಿದ ಕೂಡಲೇ ಒಳಗಿನ 9 ವೋಲ್ಟ್ ಬ್ಯಾಟರಿ ಖರ್ಚಾಗಲು ಶುರು, ನುಡಿಸಿದರೂ ನುಡಿಸದಿದ್ದರೂ. ಬೇರೆ ಸ್ವಿಚ್ ಇರುವುದಿಲ್ಲ. ಹಾಗಾಗಿ ಸನ್ಮಾನ, ಭಾಷಣ, ಬಹುಮಾನ ವಿತರಣೆ ಯಾವುದು ಶುರುವಾದರೂ ನಮ್ಮ ಹುಡುಗ ಮೊದಲು ಕೇಬಲ್ ಕಿತ್ತಿಡುತ್ತಾನೆ. ನಮ್ಮೂರ ಭಾಷಣಗಳ ಉದ್ದ ಬಲ್ಲವರಿಗೆ ಇದರ ಬೆಲೆ ಗೊತ್ತು. ಹೋದ ರಾಜ್ಯೋತ್ಸವದಲ್ಲಿ ಸ್ವಾಗತ ಭಾಷಣಕ್ಕೆ ಮೈಕ್ ಹೋದೊಡನೆ ಇವನು ಕೇಬಲ್ ಕಿತ್ತದ್ದನ್ನು ಕಂಡು ಸಂಘದ ಖಜಾಂಚಿ ವೇದಿಕೆಗೆ ಓಡಿಬಂದರಂತೆ.

"ಯಾಕಪ್ಪಾ, ಹೊರಟೇಬಿಟ್ರಾ? ಬಾಕಿ ದುಡ್ಡು ಊಟ ಆದ್ಮೇಲೆ ಕೊಡ್ತೀವಿ ಅಂದಿದ್ವಲ್ಲ!"

"ಬ್ಯಾಟರಿ ಉಳಿಸ್ತಿದೀನಿ ಸಾರ್" ಅಂದನಂತೆ ಇವನು. ಅವರು ನಂಬಲಿಲ್ಲ. ಬಾಕಿ ದುಡ್ಡು ಊಟಕ್ಕೆ ಮೊದಲೇ ಬಂತು.