ಕೂರುವವಳಿಂದ ಮಾರುವವರಿಗೊಂದು ಬಹಿರಂಗ ಪತ್ರ

ಮನೆಮೆಟ್ಟಿಲಿಗೆ ರೈಲು ಹಾಕಿ, ಅದರ ಮೇಲೆ ಹತ್ತಿಳಿಯುವ ಸ್ಟೇರ್‌ಲಿಫ್ಟ್ ಕುರ್ಚಿ ಕೂರಿಸಿಕೊಡುವ ಸಂಸ್ಥೆಯ ಮಾನ್ಯ ಮಾರಾಟ ಪ್ರತಿನಿಧಿಗಳ ಸನ್ನಿಧಾನಕ್ಕೆ,

ಮೈಸೂರಿನಿಂದ ಅನೇಕ ನಮಸ್ಕಾರಗಳು. ಸಾಷ್ಟಾಂಗವೇ ಹಾಕಬೇಕೆಂದಿತ್ತು, ಮಂಡಿ ಒಪ್ಪಲಿಲ್ಲ. ಒಪ್ಪುವ ಮಂಡಿಯಾಗಿದ್ದರೆ ತಮ್ಮ ಪರಿಚಯಭಾಗ್ಯವೇ ನನಗೆ ಲಭಿಸುತ್ತಿರಲಿಲ್ಲ. ಆದ್ದರಿಂದ ಕೂತಲ್ಲಿಂದಲೇ ಕೈ ಮುಗಿದಿದ್ದೇನೆ, ಸ್ವೀಕರಿಸಬೇಕು.

ನಾನು ಯಾರೆಂದು ತಮಗೆ ಗುರುತು ಹತ್ತಲಿಕ್ಕಿಲ್ಲ. ತಾವು ನಮ್ಮ ಮನೆಗೆ ದಯಮಾಡಿಸಿದ ದಿನ ಹಾಲಿನ ಸೋಫಾದಲ್ಲಿ, ತಮ್ಮ ಲೇಸರ್ ಅಳತೆಯ ಯಂತ್ರದ ಪಕ್ಕದಲ್ಲೇ ಕೂತಿದ್ದವಳು. "ಸಾರ್, ಪೇಷೆಂಟ್ ಎಷ್ಟು ಕೆಜಿ ಇರ್ಬಹುದು?" ಎಂದು ನನ್ನ ಮಗನನ್ನು ಕೇಳಿದಿರಲ್ಲ, ಆ ಪೇಷೆಂಟ್ ನಾನೇ. ಮಗ ನನ್ನ ಕಡೆ ನೋಡಿದ. ತಾವು ಮಗನನ್ನೇ ನೋಡುತ್ತಿದ್ದಿರಿ. ಹೆಂಗಸರ ತೂಕವನ್ನು ನೇರವಾಗಿ ಕೇಳಬಾರದೆನ್ನುವ ಸಂಸ್ಕಾರ ಈ ಕಾಲದಲ್ಲಿ ಎಷ್ಟು ಜನಕ್ಕಿದೆ! ಅದೇ ಸಂಸ್ಕಾರದಿಂದಲೇ ಇರಬೇಕು, ನನ್ನ ಮಂಡಿ ಎಷ್ಟು ಮಡಚುತ್ತದೆ ಎಂದು ಕೇಳಲಿಲ್ಲ, ಬೆರಳು ಹೇಗಿದೆ ಎಂದು ಕೇಳಲಿಲ್ಲ, ದಿನಕ್ಕೆ ಎಷ್ಟು ಸಲ ಹತ್ತಿಳಿಯುತ್ತೀರಮ್ಮ ಎಂದೂ ಕೇಳಲಿಲ್ಲ. ಮೆಟ್ಟಿಲುಗಳನ್ನು ಮಾತ್ರ ಒಂದೊಂದಾಗಿ ಮಾತಾಡಿಸಿ, ಅವುಗಳ ಉದ್ದಗಲ ವಿಚಾರಿಸಿಕೊಂಡು, ಫೋಟೊ ಹಿಡಿದುಕೊಂಡು ಹೋದಿರಿ. ಗ್ರಾನೈಟ್ ಮೆಟ್ಟಿಲುಗಳು ಇಷ್ಟು ಆದರ ಕಂಡದ್ದು ಗೃಹಪ್ರವೇಶದ ನಂತರ ಅದೇ ಮೊದಲು.

ಕೇಳಿದ್ದರೆ ಒಂದು ಮಾತು ಹೇಳುತ್ತಿದ್ದೆ. ಹತ್ತುವುದು ನನಗೆ ಅಷ್ಟು ಕಷ್ಟವಲ್ಲ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ನಿಂತು ನಿಂತು ಹತ್ತಿಬಿಡುತ್ತೇನೆ. ಇಳಿಯುವಾಗ ಮೈಭಾರವೆಲ್ಲ ಬಾಗಿದ ಮಂಡಿಯ ಮೇಲೆ ಬೀಳುತ್ತದೆ, ನೋವೂ ಆಗಲೇ, ಭಯವೂ ಆಗಲೇ. ನನ್ನ ಕೋಣೆ, ನನ್ನ ಪುಸ್ತಕಗಳು ಮೇಲಿವೆ. ಸೊಪ್ಪಿನವಳು, ಪಕ್ಕದ ಮನೆಯ ಹರಟೆ, ದೇವರು, ಮೂವರೂ ಕೆಳಗಿದ್ದಾರೆ. ತಮ್ಮ ಬ್ರೋಷರಿನಲ್ಲಿ ಮಾತ್ರ ಎಲ್ಲರೂ ಮೇಲಕ್ಕೇ ಹೋಗುತ್ತಿದ್ದಾರೆ. ಬಿಳಿಕೂದಲಿನ ದೊರೆಸಾನಿ, ಕಾರ್ಪೆಟ್ ಹಾಸಿದ ಮರದ ಮೆಟ್ಟಿಲು, ಕೆಳಗೆ ನಿಂತು ನಗುತ್ತ ಬೀಳ್ಕೊಡುತ್ತಿರುವ ಗಂಡ. ಎಲ್ಲಿಗೆ ಕಳಿಸುತ್ತಿದ್ದಾನೋ ಪುಣ್ಯಾತ್ಮ.

ಬೆಲೆಯ ವಿಷಯದಲ್ಲಿ ತಾವು ಕಾಪಾಡಿಕೊಂಡು ಬಂದಿರುವ ಗುಟ್ಟಿಗೆ ನನ್ನ ಗೌರವವನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು. ಫೋನಿನಲ್ಲಿ ಕೇಳಿದರೆ "ಡಿಪೆಂಡ್ಸ್ ಮೇಡಂ" ಅಂದಿರಿ. ನೇರ ಮೆಟ್ಟಿಲಾದರೆ ಎಷ್ಟು ಎಂದರೆ "ಸೈಟ್ ವಿಸಿಟ್ ಆಗ್ಲಿ ಮೇಡಂ". ವಿಸಿಟ್ ಆದ ಮೇಲೆ ಅಂಕಿಯನ್ನು ಬಾಯಲ್ಲಿ ಹೇಳದೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ಮಗನ ಕಡೆ ತಿರುಗಿಸಿ ತೋರಿಸಿದಿರಿ. ಅವನ ಮುಖ ನೋಡಿ ನಾನು ಸೊನ್ನೆಗಳನ್ನು ಎಣಿಸಿಕೊಂಡೆ. ಜಿಎಸ್‌ಟಿ ಬೇರೆ. ಆಫರ್ ಈ ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ಎಚ್ಚರಿಸಿದ ತಾವೇ, ಮುಂದಿನ ತಿಂಗಳೂ ಸರಿಯಾಗಿ ನನ್ನ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಫೋನು ಮಾಡಿ ಅದೇ ಆಫರನ್ನು ಇನ್ನೊಮ್ಮೆ ಮುಗಿಸಿದಿರಿ. ಆಮೇಲೆ ಮಗನಿಗೆ ಹೇಳಿದ ಆ ಹಿತವಚನ: "ಆಂಟಿ ಜಾರಿ ಬಿದ್ರು ಅಂತ ಇಟ್ಕೊಳಿ ಸಾರ್, ಹಿಪ್ ರಿಪ್ಲೇಸ್‌ಮೆಂಟಿಗೆ ಇದಕ್ಕಿಂತ ಜಾಸ್ತಿ ಆಗುತ್ತೆ." ಆಂಟಿ ಅಲ್ಲೇ ಕೂತು ತಮಗೆಂದು ಕೋಡುಬಳೆ ತಟ್ಟೆಗೆ ಹಾಕುತ್ತಿದ್ದಳು.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು, ಹೀಗಾಗಿ ಕೆಲವು ಚಟಗಳು ಬಿಟ್ಟಿಲ್ಲ. ನಮ್ಮ ಮೆಟ್ಟಿಲು ಏಳಿಂಚು ಎತ್ತರ, ಹತ್ತಿಂಚು ಅಗಲ. ತಮ್ಮ ರೈಲು ಹೋಗುವುದು ಕರ್ಣದ ಮೇಲೆ, ಅಂದರೆ ಮೆಟ್ಟಿಲೊಂದಕ್ಕೆ ಹನ್ನೆರಡು ಇಂಚಿಗಿಂತ ಸ್ವಲ್ಪ ಹೆಚ್ಚು. ಬೌಧಾಯನರ ಶುಲ್ಬಸೂತ್ರ ಓದಿದವರಿಗೆ ಇದಕ್ಕೆ ಲೇಸರ್ ಬೇಡ. ಹದಿನಾರು ಮೆಟ್ಟಿಲಿಗೆ ಸುಮಾರು ಐದು ಮೀಟರ್. "ಮೋಟಾರ್ ಪವರ್‌ಫುಲ್ ಸಾರ್, ಸುಯ್ಯಂತ ಹೋಗುತ್ತೆ" ಅಂದಿರಿ. ಯುರೋಪಿನ ಮಾನದಂಡದ ಪ್ರಕಾರ ಇಂಥ ಕುರ್ಚಿ ಸೆಕೆಂಡಿಗೆ 0.15 ಮೀಟರಿಗಿಂತ ವೇಗವಾಗಿ ಹೋಗುವ ಹಾಗಿಲ್ಲ. ಇಳಿಜಾರುಗಳಿಗೇ ಅರ್ಧ ನಿಮಿಷದ ಮೇಲಾಯಿತು, ತಿರುವು ಬೇರೆ. ನನಗೆ ಅವಸರವಿಲ್ಲ, ನಿಧಾನವೇ ಬೇಕಾದದ್ದು. ನಿಧಾನವಾಗಿ ಹೋಗುವುದನ್ನು ನಿಧಾನವಾಗಿ ಹೋಗುತ್ತದೆ ಎಂದು ಹೇಳಿ ಮಾರಲು ಸಾಧ್ಯವಿತ್ತಲ್ಲ ಎಂದಷ್ಟೇ ನನ್ನ ಬಿನ್ನಹ.

ತಿರುವಿನ ಮಾತು ಬಂತು. ನಮ್ಮದು ಊರಲ್ಲೆಲ್ಲ ಇರುವಂಥ ಮೂವತ್ತು ನಲವತ್ತರ ಸೈಟಿನ ಮನೆ. ಎಂಟು ಮೆಟ್ಟಿಲು, ನಡುವೆ ಲ್ಯಾಂಡಿಂಗ್, ಹಿಂದಕ್ಕೆ ತಿರುಗಿ ಮತ್ತೆ ಎಂಟು. ಇದಕ್ಕೆ ಬಾಗಿದ ರೈಲು ಒಂದೇ ದಾರಿ ಎಂದು ತಾವು ಅಪ್ಪಣೆ ಕೊಡಿಸಿದಿರಿ. ನನಗೆ ವ್ಯಾಯಾಮ ಮಾಡಿಸಲು ಬರುವ ಫಿಸಿಯೊಥೆರಪಿ ಹುಡುಗಿ ಹೇಳಿದ ಮೇಲೆಯೇ ಗೊತ್ತಾದದ್ದು, ಎರಡು ನೇರ ರೈಲು ಹಾಕಿ, ಲ್ಯಾಂಡಿಂಗಿನಲ್ಲಿ ಒಂದು ಕುರ್ಚಿಯಿಂದ ಎದ್ದು ಇನ್ನೊಂದರಲ್ಲಿ ಕೂರುವ ಏರ್ಪಾಡೂ ಉಂಟು ಎಂದು. ನೇರ ರೈಲನ್ನು ಬೇಕಾದಷ್ಟಕ್ಕೆ ಕತ್ತರಿಸಿ ಹಾಕುತ್ತಾರೆ, ನಾಳೆ ಬಿಚ್ಚಿ ಇನ್ನೊಂದು ಮನೆಗೂ ಹಾಕಬಹುದು. ಬಾಗಿದ್ದನ್ನು ನಮ್ಮ ಮೆಟ್ಟಿಲಿನ ಅಳತೆಗೇ ಕಾರ್ಖಾನೆಯಲ್ಲಿ ಬಗ್ಗಿಸಿ ತರಿಸಬೇಕು, ವಾರಗಟ್ಟಲೆ ಕಾಯಬೇಕು, ಬೇರೆ ಯಾರ ಮನೆಯ ಮೆಟ್ಟಿಲಿಗೂ ಅದು ಹೊಂದುವುದಿಲ್ಲ. ಪ್ರತಿ ಸಲವೂ ದಾರಿಯ ನಡುವೆ ಎದ್ದು ಕೂರುವುದು ನನ್ನಿಂದ ಆದೀತೇ, ಲ್ಯಾಂಡಿಂಗಿನಲ್ಲಿ ಎರಡು ಕುರ್ಚಿ ನಿಲ್ಲಲು ಜಾಗ ಸಾಕೇ, ಅದು ಬೇರೆ ಲೆಕ್ಕ. ಲೆಕ್ಕ ಹಾಕುವ ಸಂತೋಷವನ್ನಾದರೂ ನಮಗೆ ಬಿಟ್ಟಿರಬಹುದಿತ್ತು.

ತಾವು ಬಾಗಿದ ರೈಲಿನ ಮಾತೆತ್ತಿದಾಗಲೇ ನಾನು ಬಾಯಿ ತೆರೆದದ್ದು. ಬೇಡವಾದಾಗ ವಾಪಸ್ ತೆಗೆದುಕೊಳ್ಳುತ್ತೀರಾ ಎಂದೆ. ತಾವು ಮಗನ ಕಡೆ ತಿರುಗಿ, "ಅಷ್ಟೊತ್ತಿಗೆ ನೋಡೋಣ ಸಾರ್" ಅಂದಿರಿ. ಅಷ್ಟೊತ್ತಿಗೆ ಎಂದರೆ ಎಷ್ಟೊತ್ತಿಗೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಕಾಫಿ ಕುಡಿದೆವು.

ಈಗ ತಮ್ಮ ಆಪ್ಷನಲ್‌ಗಳಿಗೆ ಕೃತಜ್ಞತೆ. ಮೇಲಿನ ಮೆಟ್ಟಿಲಿಗೆ ತಲುಪಿದ ಮೇಲೆ ಸೀಟು ಮೆಟ್ಟಿಲಿಗೆ ಬೆನ್ನು ಮಾಡಿ ತಿರುಗಬೇಕು, ಕಾಲು ಗಟ್ಟಿ ನೆಲಕ್ಕೆ ಸಿಗಬೇಕು. ಇಲ್ಲದಿದ್ದರೆ ಇಳಿಯುವ ಜಾಗದಲ್ಲೇ ಉರುಳುವ ಅನುಕೂಲವಿದೆ. ಲಿವರ್ ಒತ್ತಿ ನಾವೇ ಮೈ ತಿರುಗಿಸಿಕೊಳ್ಳುವುದು ಸ್ಟ್ಯಾಂಡರ್ಡ್, ತಾನಾಗಿ ತಿರುಗುವುದು ಆಪ್ಷನಲ್. ಕಾಲಿಡುವ ಹಲಗೆಯನ್ನು ಇಳಿದ ಮೇಲೆ ಮಡಚಬೇಕು, ಇಲ್ಲವೆಂದರೆ ಹೋಗಿ ಬರುವವರು ಎಡವುತ್ತಾರೆ. ಬಗ್ಗಿ ಕೈಯಲ್ಲಿ ಮಡಚುವುದು ಸ್ಟ್ಯಾಂಡರ್ಡ್. ಬಗ್ಗಲಾರದವರಿಗೆಂದೇ ಮಾಡಿದ ಕುರ್ಚಿಯಲ್ಲಿ ಬಗ್ಗದೆ ಇರುವುದು ಆಪ್ಷನಲ್! ಇಡ್ಲಿಗೆ ಒಂದು ಬೆಲೆ ಹೇಳಿ ಚಟ್ನಿಗೆ, ಸಾಂಬಾರಿಗೆ, ಕೊನೆಗೆ ತಟ್ಟೆಗೂ ಬೇರೆ ಬಿಲ್ಲು ಬರೆಯುವ ಹೋಟೆಲು ನಮ್ಮ ಅಗ್ರಹಾರದ ಕಡೆ ಇನ್ನೂ ತೆರೆದಿಲ್ಲ. ತಾವು ಮನಸ್ಸು ಮಾಡಬಹುದು. ಮಂಡಿ ಪೂರ್ತಿ ಮಡಚಲಾರದವರಿಗೆ, ಅರೆ ನಿಂತು ಅರೆ ಕೂತಂತೆ ಒರಗುವ ಎತ್ತರದ ಸೀಟೂ ಬರುತ್ತದಂತೆ. ಅದನ್ನು ತಾವು ಆಪ್ಷನಲ್ ಪಟ್ಟಿಗೂ ಸೇರಿಸಲಿಲ್ಲ. ಮಂಡಿಯನ್ನೇ ನೋಡದ ಮೇಲೆ ಸೇರಿಸುವುದು ಹೇಗೆ?

ಕೈಹಿಡಿಯ ತುದಿಯಲ್ಲಿರುವ ಸ್ವಿಚ್ಚನ್ನು ದಾರಿಯುದ್ದಕ್ಕೂ ಒತ್ತಿಯೇ ಹಿಡಿದಿರಬೇಕು, ಬಿಟ್ಟರೆ ಕುರ್ಚಿ ನಿಲ್ಲುತ್ತದೆ. ಸುರಕ್ಷತೆಗೆ ಒಳ್ಳೆಯದೇ. ಆದರೆ ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದ ನನ್ನ ಬಲಗೈ ಹೆಬ್ಬೆರಳಿಗೆ ಸಂಧಿವಾತ. ಎಡಗೈ ಕಡೆಗೂ ಸ್ವಿಚ್ ಕೊಡುತ್ತಾರೆಯೇ ಎಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ತಾವು ಮಗನಿಗೆ ಸೀಟಿನ ಬಣ್ಣಗಳನ್ನು ತೋರಿಸುತ್ತಿದ್ದಿರಿ.

ಎಲ್ಲಕ್ಕಿಂತ ಹೆಚ್ಚು ತಮಗೆ ಋಣಿಯಾಗಿರುವುದು ಸೀರೆಯ ವಿಷಯದಲ್ಲಿ. ಕುರ್ಚಿ ಹತ್ತಿಳಿಯುವುದು ರೈಲಿನುದ್ದಕ್ಕೂ ಇರುವ ಹಲ್ಲುಪಟ್ಟಿಗೆ ಗೇರು ಕಚ್ಚಿಕೊಂಡು. ನಾನು ಕೇಳಿದ್ದು ಒಂದೇ: ಹಲ್ಲು ಯಾವ ಕಡೆ ಇದೆ, ಅದಕ್ಕೆ ಮುಚ್ಚಳ ಉಂಟೇ? ಸೆನ್ಸರ್ ಇದೆ, ಕಾಲಿನ ಹಲಗೆಗೆ ಏನು ತಗುಲಿದರೂ ನಿಲ್ಲುತ್ತದೆ ಅಂದಿರಿ. ಒಪ್ಪಿದೆ. ಮೊಮ್ಮಗನ ಚೆಂಡು ಅದಕ್ಕೆ ತಿಳಿಯುತ್ತದೆ, ಬಿಟ್ಟ ಚಪ್ಪಲಿ ತಿಳಿಯುತ್ತದೆ. ಇಳಿಬಿದ್ದ ನೆರಿಗೆ, ಪಕ್ಕಕ್ಕೆ ಜಾರಿದ ಸೆರಗು ತಿಳಿಯುತ್ತದೆಯೇ? ತಾವು ಒಂದು ಕ್ಷಣ ಯೋಚಿಸಿ ಪರಿಹಾರ ಕೊಟ್ಟಿರಿ, ಅದೂ ಮಗನಿಗೆ: "ಆಂಟಿ ನೈಟಿ ಹಾಕ್ಕೊಂಡ್ರೆ ಏನೂ ಪ್ರಾಬ್ಲಮ್ ಇರಲ್ಲ ಸಾರ್." ಅರವತ್ತು ವರ್ಷದ ಅಭ್ಯಾಸವನ್ನು ಒಂದು ವಾಕ್ಯದಲ್ಲಿ ಬಿಡಿಸಿದ ವೈದ್ಯರು ತಾವು. ದೊರೆಸಾನಿ ಪ್ಯಾಂಟು ಹಾಕಿದ್ದಳು, ಹಾಗಾಗಿ ಬ್ರೋಷರಿಗೆ ಆ ಪ್ರಶ್ನೆ ಬರಲಿಲ್ಲ. ಈ ದೇಶದಲ್ಲಿ ಮಂಡಿನೋವಿನ ಹೆಂಗಸರು ಸೀರೆ ಉಡುತ್ತಾರೆ ಎನ್ನುವ ಸುದ್ದಿ ಕಂಪನಿಗೆ ತಲುಪಿಸುವ ಕೃಪೆ ಮಾಡಿದರೆ ಉಪಕಾರವಾಗುತ್ತದೆ.

ಬ್ಯಾಟರಿಯ ಬಗ್ಗೆ ದೂರಿಲ್ಲ. ಕರೆಂಟು ಹೋದಾಗಲೂ ಓಡುತ್ತದೆ ಎನ್ನುವುದು ನಿಜವಾಗಿಯೂ ದೊಡ್ಡ ಸಂಗತಿ. ರೈಲಿನ ತುದಿಗಳಲ್ಲಿ ನಿಂತಾಗ ಮಾತ್ರ ಚಾರ್ಜ್ ಆಗುತ್ತದೆ, ನಡುವೆ ಬಿಟ್ಟರೆ ಆಗುವುದಿಲ್ಲ ಎಂಬುದನ್ನೂ, ಬ್ಯಾಟರಿ ವಾರಂಟಿಗೆ ಸೇರುವುದಿಲ್ಲ ಎಂಬುದನ್ನೂ ತಾವು ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಿರಿ. ಹೇಳಿದಿರಲ್ಲ, ಅದೇ ಪುಣ್ಯ. ಕೆಳಗಿನ ತುದಿಯಲ್ಲಿ ರೈಲು ಮೊದಲ ಮೆಟ್ಟಿಲಿಗಿಂತ ಮುಂದಕ್ಕೆ ಚಾಚಿ ದೇವರಮನೆ ಬಾಗಿಲಿಗೆ ಅಡ್ಡ ಬರುತ್ತದೆ, ಮಡಚುವ ರೈಲು ಬೇಕೆಂದರೆ ಅದಕ್ಕೂ ಬೇರೆ ದುಡ್ಡು. ಗಣಪತಿಗೂ ತಮ್ಮ ಕೊಟೇಶನ್ನಿನಲ್ಲಿ ಒಂದು ಸಾಲು ಸಿಕ್ಕಿತು.

ಕೂತು ನೋಡಬೇಕೆಂದು ಹಟ ಹಿಡಿದಾಗ ಬೆಂಗಳೂರಿನ ತಮ್ಮ ಎಕ್ಸ್‌ಪೀರಿಯೆನ್ಸ್ ಸೆಂಟರಿಗೆ ಬರಮಾಡಿಕೊಂಡಿರಿ. ಎಸಿ, ಗಾಜು, ಗಿಡ. ನಾಲ್ಕು ಮೆಟ್ಟಿಲಿನ ಕಟ್ಟೆ, ಅದಕ್ಕೊಂದು ರೈಲು, ಮೇಲೆ ಗೋಡೆ. ಹತ್ತಿ ಗೋಡೆ ನೋಡಿದೆ, ಅದೇ ಕುರ್ಚಿಯಲ್ಲಿ ಇಳಿದು ಬಂದೆ. ತಿರುವು ಇಲ್ಲ, ಇಳಿದು ನಿಲ್ಲಲು ಲ್ಯಾಂಡಿಂಗ್ ಇಲ್ಲ, ನಾನು ತಿಳಿಯಬೇಕೆಂದು ಹೋದದ್ದು ಯಾವುದೂ ಇಲ್ಲ. ಹೇಗನ್ನಿಸಿತು ಎಂದು ಅಲ್ಲಿನ ಹುಡುಗ ಕೇಳಿದ. ನನ್ನನ್ನಲ್ಲ, ಸೊಸೆಯನ್ನು.

ಇಂಗ್ಲೆಂಡಿನ ಎಂಟನೆಯ ಹೆನ್ರಿ ದೊರೆಗೂ ಇಂಥದ್ದೊಂದು ಕುರ್ಚಿ ಇತ್ತೆಂದು ಅಲ್ಲಿನ ಇತಿಹಾಸಕಾರ ಡೇವಿಡ್ ಸ್ಟಾರ್ಕಿ 2009ರಲ್ಲಿ ಹೇಳಿದ್ದರು. ಕಾಲು ಕೆಟ್ಟು ಮೈ ಬೆಳೆದಿದ್ದ ದೊರೆಯನ್ನು ವೈಟ್‌ಹಾಲ್ ಅರಮನೆಯಲ್ಲಿ ಆಳುಗಳು ಹಗ್ಗ ಹಾಕಿ ಎಳೆಯುತ್ತಿದ್ದರಂತೆ. ಆ ಆಳುಗಳಾದರೂ ಎಲ್ಲಿಗೆ ಪ್ರಭು ಎಂದು ಕೇಳಿಯೇ ಎಳೆದಿರಬೇಕು, ಹೆನ್ರಿಯ ಸ್ವಭಾವ ಬಲ್ಲವರು. ಈಗಲೂ ಅಲ್ಲಿ ಕೌನ್ಸಿಲ್ ನೆರವಿನಿಂದ ಸ್ಟೇರ್‌ಲಿಫ್ಟ್ ಹಾಕಿಸಬೇಕಾದರೆ ಆಕ್ಯುಪೇಶನಲ್ ಥೆರಪಿಸ್ಟ್ ಮನೆಗೆ ಬಂದು ಮೊದಲು ಮನುಷ್ಯರನ್ನು ನೋಡುತ್ತಾರೆ. ಹೇಗೆ ಕೂರುತ್ತಾರೆ, ಹೇಗೆ ಏಳುತ್ತಾರೆ, ಕೈಗೆ ಬಲವಿದೆಯೇ ಎಂದು. ಆದಾಯ ನೋಡಿ ಅರ್ಹರಾದವರಿಗೆ 30,000 ಪೌಂಡಿನವರೆಗೂ ಅನುದಾನ ಉಂಟು. ನಮ್ಮಲ್ಲಿ 2015ರಲ್ಲಿ ಶುರುವಾದ ಸುಗಮ್ಯ ಭಾರತ ಅಭಿಯಾನ ಸರ್ಕಾರಿ ಕಟ್ಟಡ, ರೈಲು ನಿಲ್ದಾಣಗಳದ್ದು. ಮನೆಯೊಳಗಿನ ಮೆಟ್ಟಿಲಿಗೆ ಸರ್ಕಾರವೂ ತಾವೇ, ಥೆರಪಿಸ್ಟೂ ತಾವೇ, ಕ್ಯಾಲ್ಕುಲೇಟರೂ ತಾವೇ.

ಇಷ್ಟೆಲ್ಲ ಆದ ಮೇಲೂ ಸ್ಟೇರ್‌ಲಿಫ್ಟ್ ನನಗೆ ಬೇಕು. ಕೆಳಗಿನ ಕೋಣೆಗೆ ಮಂಚ ಇಳಿಸಿಬಿಡೋಣ ಎಂದು ಮನೆಯಲ್ಲಿ ಮಾತು ಬಂದಿತ್ತು, ನಾನು ಬೇಡವೆಂದೆ. ಇನ್ನೊಂದು ವಿಷಯ ತಮಗೆ ತಿಳಿಸಲು ಯಾರಿಗೂ ಪುರುಸೊತ್ತಾಗಿಲ್ಲ: ಅರ್ಧ ಹಣ ಅಡ್ವಾನ್ಸ್ ಎಂದು ತಾವು ಸಾರ್ ಹತ್ತಿರ ಕೇಳಿದ ಚೆಕ್ಕು ನನ್ನ ಪಿಂಚಣಿ ಖಾತೆಯದು. ಸಹಿ ನನ್ನದು. ಸಂಧಿವಾತದ ಹೆಬ್ಬೆರಳಿನಿಂದಲೇ ಹಾಕಬೇಕು, ಆದ್ದರಿಂದ ಸ್ವಲ್ಪ ತಡವಾಗುತ್ತಿದೆ.

ತಾವು ದಯವಿಟ್ಟು ಇನ್ನೊಮ್ಮೆ ಬರಬೇಕು. ಬೆಳಿಗ್ಗೆ ಹನ್ನೊಂದರ ಮೇಲೆ, ಮಗ ಆಫೀಸಿಗೆ ಹೋಗಿರುವ ಹೊತ್ತಿನಲ್ಲಿ. ನೇರದ್ದು, ಬಾಗಿದ್ದು ಎರಡಕ್ಕೂ ಪ್ರತ್ಯೇಕ ಕೊಟೇಶನ್, ಪ್ರತಿ ಸಾಲಿನ ಮುಂದೆ ಬೆಲೆ, ವಾಪಸ್ ಕೊಂಡುಕೊಳ್ಳುವ ಮೊತ್ತ, ಐದು ವರ್ಷದ ಎಎಂಸಿ, ಬ್ಯಾಟರಿ ದರ, ಎಲ್ಲ ಕಾಗದದ ಮೇಲೆ ಇರಲಿ. ಹಲ್ಲುಪಟ್ಟಿಯ ಒಂದು ತುಂಡು ತನ್ನಿ, ಹಳೆಯ ಸೀರೆ ನಾನು ಇಟ್ಟಿರುತ್ತೇನೆ, ಇಬ್ಬರೂ ಸೇರಿ ಪರೀಕ್ಷೆ ಮಾಡೋಣ. ಲೇಸರ್ ಬೇಕಿಲ್ಲ, ಮೆಟ್ಟಿಲು ಬೆಳೆದಿಲ್ಲ. ನನ್ನ ಎದುರಿನ ಕುರ್ಚಿಯಲ್ಲೇ ಕೂತುಕೊಳ್ಳಿ.

ತಮ್ಮ ವಿಧೇಯಳು,
ನಿವೃತ್ತ ಗಣಿತ ಶಿಕ್ಷಕಿ, ಮೈಸೂರು

ವಿ.ಸೂ.: ಕಾಫಿ ಕೊಡುತ್ತೇವೆ. ಸಕ್ಕರೆ ಆಪ್ಷನಲ್, ಆದರೆ ಅದಕ್ಕೆ ಬೇರೆ ಚಾರ್ಜ್ ಇಲ್ಲ.