ವೀಸಾ ಬೇಡದ ದ್ವೀಪ

ಈ ಬೇಸಿಗೆಗೆ ಗ್ರೀಸಿನ ಸ್ಯಾಂಟೊರಿನಿ ದ್ವೀಪ ಎಂದರು ಬೆಂಗಳೂರಿನ ಅಳಿಯಂದಿರು. ಅದೂ ಟೂರ್ ಕಂಪನಿಯ ಹಂಗಿಲ್ಲದೆ! ಷೆಂಗೆನ್ ವೀಸಾ, ವಿಮಾನ, ಹಡಗು, ರೂಮು ಎಲ್ಲಕ್ಕೂ ಮೊಬೈಲಿನಲ್ಲೇ ಪರದಾಟ.

ಸುತ್ತ ನೀರು, ನಡುವೆ ಕಟ್ಟಡ, ನೆತ್ತಿಗೆ ಬಿಸಿಲು. ಇಷ್ಟಕ್ಕೆ ಏಜಿಯನ್ ಸಮುದ್ರದವರೆಗೆ ಯಾಕೆ ಹೋಗಬೇಕೆಂದು ನಮ್ಮ ಸಂತೇಬೆನ್ನೂರಿನವರ ಪ್ರಶ್ನೆ. ನಮ್ಮ ಹೊಂಡದ ನಟ್ಟನಡುವೆ ವಸಂತ ಮಂಟಪವಿಲ್ಲವೇ? 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ಸ್ಯಾಂಟೊರಿನಿ ಎಂದರೆ ಜ್ವಾಲಾಮುಖಿ ಸಿಡಿದು ಉಳಿದ ಚೂರು. ನಮ್ಮದನ್ನು ಕಲ್ಲುಕುಟಿಗರು ಕಮಾನು, ಗೋಪುರ ಸಮೇತ ಕೂರಿಸಿದ್ದಾರೆ. ಯಾವುದು ಹೆಚ್ಚು ಕಷ್ಟ, ನೀವೇ ಹೇಳಿ.

ತಂಗಲು ದಡದಲ್ಲೇ ಮುಸಾಫಿರ್‌ಖಾನೆ ಇದೆ. ಸ್ಮಾರಕವಾದ್ದರಿಂದ ಹಾಸಿಗೆ ಬಿಚ್ಚಲು ಬಿಡುವುದಿಲ್ಲ, ಅಷ್ಟೇ. ಹಡಗಿಲ್ಲ, ಹಾಗಾಗಿ ವಾಂತಿಯ ಭಯವೂ ಇಲ್ಲ. ಮೆಟ್ಟಿಲ ಮೇಲೆ ಮಂಡಕ್ಕಿ-ಮೆಣಸಿನಕಾಯಿ ಹಿಡಿದು ಕೂತರೆ ದ್ವೀಪ ಎದುರಿಗೇ. ಸಮುದ್ರವೇ ಬೇಕೆನ್ನುವ ಹಟಮಾರಿಗಳಿಗೆ ಹತ್ತಿರದಲ್ಲೇ ಸೂಳೆಕೆರೆ.

"ಅಲ್ಲಿನ ಸೂರ್ಯಾಸ್ತ ಲೋಕಪ್ರಸಿದ್ಧ ಅತ್ತೆ," ಎಂದರು ಅಳಿಯಂದಿರು.

"ಅದೇ ಸೂರ್ಯ ನಮ್ಮೂರಲ್ಲಿ ಮೊದಲು ಮುಳುಗಿಯೇ ಅಲ್ಲಿಗೆ ಹೋಗೋದು ಕಣಪ್ಪಾ. ಇಲ್ಲೇ ನೋಡ್ಕೊಂಡು ಬೇಗ ಊಟಕ್ಕೆ ಬನ್ನಿ."